ತಿಕ್ಕಿ ತಿಕ್ಕಿ ಸವೆದ ಹಲ್ಲು

ಬಾಯಿಯ ಒಳಭಾಗವೆಂದರೆ ನನಗೆ ಚಿಕ್ಕಂದಿನಿಂದಲೂ ಹೇಸಿಗೆ. ಸದಾ ಒದ್ದೆಯಾಗಿ, ಬೆಚ್ಚಗಾಗಿ, ತಿಂದದ್ದರಲ್ಲಿ ಒಂದಿಷ್ಟನ್ನು ಸಂದಿಯಲ್ಲಿಟ್ಟುಕೊಂಡು ಕೊಳೆಸುವ ಆ ಜಾಗವನ್ನು ಜನ ಅಷ್ಟು ನಿಶ್ಚಿಂತೆಯಿಂದ ಹೇಗೆ ತೆರೆದು ತೋರಿಸುತ್ತಾರೋ ನನಗೆ ತಿಳಿಯುವುದಿಲ್ಲ. ಎದುರಿನ ಸೀಟಿನವರು ಆಕಳಿಸಿದರೆ ನಾನು ಕಿಟಕಿಯ ಕಡೆ ತಿರುಗುತ್ತೇನೆ. ಊಟದ ಪಂಕ್ತಿಯಲ್ಲಿ ಪಕ್ಕದವರು ಹಲ್ಲಿನ ಸಂದಿಗೆ ಕಡ್ಡಿ ಹಾಕಿ, ತೆಗೆದದ್ದನ್ನು ಒಮ್ಮೆ ನೋಡಿ ಮತ್ತೆ ಬಾಯಿಗೇ ಹಾಕಿಕೊಂಡರೆ ನನ್ನ ಊಟ ಅಲ್ಲಿಗೆ ಮುಗಿಯಿತು.

ಇದು ಶುರುವಾದದ್ದು ಕಮಲಾಪುರದ ನಮ್ಮ ತವರುಮನೆಯಲ್ಲಿ, ಅತ್ತೆಯಿಂದ. ಅತ್ತೆಯೆಂದರೆ ನನ್ನ ಅಪ್ಪನ ಅಕ್ಕ. ನಾನು ಸಣ್ಣವಳಿದ್ದಾಗಲೇ ಅವ್ವ ತೀರಿಕೊಂಡಿದ್ದಳು. ಗಂಡ ಸತ್ತು ತವರಿಗೆ ಬಂದಿದ್ದ ಅತ್ತೆಯೇ ನನ್ನನ್ನೂ ತಮ್ಮನನ್ನೂ ಬೆಳೆಸಿದಳು. ಅವಳಿಗೆ ಮಶೇರಿಯ ಚಟವಿತ್ತು. ತಂಬಾಕಿನ ಎಲೆಯನ್ನು ಹಂಚಿನ ಮೇಲೆ ಕರ್ರಗೆ ಹುರಿದು, ಪುಡಿ ಮಾಡಿ, ಒಂದು ಸಣ್ಣ ಡಬ್ಬಿಯಲ್ಲಿ ತುಂಬಿಟ್ಟುಕೊಳ್ಳುತ್ತಿದ್ದಳು. ಹುರಿಯುವ ದಿನ ಇಡೀ ಮನೆ ಘಾಟಿನಿಂದ ಕೆಮ್ಮುತ್ತಿತ್ತು. ಬೆಳಿಗ್ಗೆ ಎದ್ದವಳೇ ಹೊಸ್ತಿಲ ಹತ್ತಿರ ಕುಕ್ಕರುಗಾಲಲ್ಲಿ ಕೂತು, ತೋರುಬೆರಳಿಗೆ ಪುಡಿ ಹಚ್ಚಿಕೊಂಡು ಹಲ್ಲಿನ ಮೇಲೆ, ವಸಡಿನ ಮೇಲೆ, ಕೆನ್ನೆಯ ಒಳಗೆ ಆಡಿಸುತ್ತಿದ್ದಳು. ಕಪ್ಪು ಜೊಲ್ಲು ಗದ್ದದವರೆಗೆ ಇಳಿಯುತ್ತಿತ್ತು. ಅದನ್ನು ಪಕ್ಕದ ತಗಡಿನ ಡಬ್ಬಿಗೆ ಉಗುಳುತ್ತಿದ್ದಳು. ಡಬ್ಬಿಯ ಅಂಚಿನಲ್ಲಿ ಹಿಂದಿನ ದಿನದ್ದು ಒಣಗಿ ತೊಗಟೆಯಂತೆ ಅಂಟಿರುತ್ತಿತ್ತು. ಆಮೇಲೆ ಕೈ ತೊಳೆದುಕೊಂಡು, ಅದೇ ಬೆರಳಿನಿಂದ ರೊಟ್ಟಿ ಮುರಿದು ಹಾಲಿನಲ್ಲಿ ಕಲಸಿ ನನ್ನ ಬಾಯಿಗೆ ಇಡುತ್ತಿದ್ದಳು. ಎಷ್ಟು ತೊಳೆದರೂ ಆ ಉಗುರಿನ ಸಂದಿ ಕಪ್ಪಾಗಿಯೇ ಇರುತ್ತಿತ್ತು. ಹಾಲಿನಲ್ಲಿ ತಂಬಾಕಿನ ವಾಸನೆ ಬರುತ್ತಿತ್ತು. ಬೇಡ ಎಂದರೆ ಉಪವಾಸ. ಉಸಿರು ಬಿಗಿಹಿಡಿದು ನುಂಗುತ್ತಿದ್ದೆ.

ಉಂಡ ಮೇಲೆ ಬಚ್ಚಲಿಗೆ ಓಡಿ ಹಲ್ಲು ತಿಕ್ಕುತ್ತಿದ್ದೆ. ಮೊದಲು ಬೇವಿನ ಕಡ್ಡಿ, ಆಮೇಲೆ ಅಪ್ಪ ತಂದುಕೊಟ್ಟ ಬ್ರಷ್. ಬಾಯಲ್ಲಿ ಏನೂ ಉಳಿದಿಲ್ಲವೆಂದು ಅನಿಸುವವರೆಗೆ, ಎಷ್ಟೋ ಸಲ ವಸಡಿನಿಂದ ರಕ್ತ ಕಾಣುವವರೆಗೆ ತಿಕ್ಕುತ್ತಿದ್ದೆ. ಅತ್ತೆ ಹೊಸ್ತಿಲಲ್ಲಿ ಕೂತೇ ನಗುತ್ತಿದ್ದಳು. "ಎಷ್ಟು ತಿಕ್ತಿ ಖೋಡಿ? ಅವೇನು ಹಲ್ಲೋ, ತಾಮ್ರದ ಚರಗಿನೋ?"

ದೊಡ್ಡವಳಾದೆ, ಮದುವೆಯಾಯಿತು. ಗಂಡನ ಜೊತೆ ಕಲಬುರಗಿಯ ಕುಸನೂರ ಕಡೆಯ ಹೊಸ ಬಡಾವಣೆಯಲ್ಲಿ ಮನೆ ಮಾಡಿದೆ. ನೌಕರಿ ಸಿಕ್ಕಿದ್ದು ಮಾತ್ರ ಮತ್ತೆ ಕಮಲಾಪುರದಲ್ಲೇ, ಹೈಸ್ಕೂಲಿನಲ್ಲಿ ಕನ್ನಡ ಟೀಚರ್ ಆಗಿ. ಹೀಗಾಗಿ ದಿನವೂ ಬಸ್ಸಿನಲ್ಲಿ ಹೋಗಿ ಬರುವುದು. ಮಧ್ಯಾಹ್ನದ ಊಟಕ್ಕೆ ತವರುಮನೆ. ಅಲ್ಲಿ ಈಗ ತಮ್ಮನ ಸಂಸಾರವಿದೆ, ಅತ್ತೆಯೂ ಇದ್ದಾಳೆ, ಅತ್ತೆಯ ಡಬ್ಬಿಯೂ ಇದೆ.

ಬಸ್ಸಿನ ಪ್ರಯಾಣ ನನ್ನ ಹೇಸಿಗೆಗೆ ಗೊಬ್ಬರ ಹಾಕಿತು. ಮುಂದಿನ ಸೀಟಿನವನು ಗುಟ್ಕಾ ತುಂಬಿಕೊಂಡ ಬಾಯನ್ನು ಕಿಟಕಿಯ ಹೊರಗೆ ಚಾಚಿದನೆಂದರೆ ಹಿಂದಿನವಳಾದ ನಾನು ತಕ್ಷಣ ಗಾಜು ಎಳೆಯಬೇಕು. ಒಂದು ದಿನ ಗಾಜು ಸಿಕ್ಕಿಹಾಕಿಕೊಂಡಿತು. ಕೆಂಪು ಹನಿಗಳು ಗಾಳಿಯಲ್ಲಿ ಹಾರಿ ನನ್ನ ರವಿಕೆಯ ತೋಳಿನ ಮೇಲೆ, ಕೆನ್ನೆಯ ಮೇಲೆ, ಕೆಳತುಟಿಯ ಮೇಲೆ ಬಿದ್ದವು. ಅವನಿಗೆ ಗೊತ್ತೇ ಆಗಲಿಲ್ಲ. ನಾನು ಬೈಯಲೂ ಬಾಯಿ ತೆರೆಯಲಿಲ್ಲ, ತೆರೆದರೆ ಅದು ಒಳಗೆ ಹೋಗುತ್ತದಲ್ಲ. ಶಾಲೆ ಮುಟ್ಟಿದ ಮೇಲೆ ನಲ್ಲಿಯ ಕೆಳಗೆ ನಿಂತು ಮುಖ ತೊಳೆದೆ, ಬ್ಯಾಗಿನಲ್ಲಿ ಸದಾ ಇಟ್ಟುಕೊಳ್ಳುವ ಬ್ರಷ್ ತೆಗೆದು ಹಲ್ಲನ್ನೂ ತಿಕ್ಕಿದೆ, ಕೊನೆಗೆ ತುಟಿಯನ್ನೂ ತಿಕ್ಕಿದೆ.

ನನ್ನ ಬ್ರಷ್ ಯಾವಾಗಲೂ ಅಂಗಡಿಯಲ್ಲಿ ಸಿಗುವುದರಲ್ಲೇ ಗಟ್ಟಿ ಎಳೆಗಳದ್ದು. ಮೆತ್ತನೆಯದರಿಂದ ತಿಕ್ಕಿದರೆ ತಿಕ್ಕಿದಂತೆಯೇ ಅನಿಸುತ್ತಿರಲಿಲ್ಲ. ಕೆಲವೇ ವಾರಗಳಲ್ಲಿ ಅದರ ಎಳೆಗಳು ಎರಡೂ ಕಡೆ ಚದರಿ ಹಳೆಯ ಕಸಬಾರಿಗೆಯಂತಾಗುತ್ತಿದ್ದವು. ಬೆಳಿಗ್ಗೆ ಮೈ ಹಗುರಾಗಲೆಂದು ಬಿಸಿನೀರಿಗೆ ಲಿಂಬೆಹಣ್ಣು ಹಿಂಡಿಕೊಂಡು ಕುಡಿಯುತ್ತಿದ್ದೆ. ಕುಡಿದ ತಕ್ಷಣ ತಿಕ್ಕುತ್ತಿದ್ದೆ. ಮಧ್ಯಾಹ್ನ ಪುಂಡಿಪಲ್ಯ ರೊಟ್ಟಿ ಉಂಡು ಆ ಹುಳಿ ಬಾಯಲ್ಲಿರುವಾಗಲೇ ತಿಕ್ಕುತ್ತಿದ್ದೆ. ಗಂಡ ಮಾತ್ರ ಬೆಳಿಗ್ಗೆ ಒಮ್ಮೆ ಬ್ರಷ್ ಆಡಿಸಿ, ಗಳಗಳ ಮುಕ್ಕಳಿಸಿ, ಬೀದಿಗೆಲ್ಲ ಕೇಳುವಂತೆ ಕ್ಯಾಕರಿಸಿ ಮುಗಿಸಿಬಿಡುತ್ತಿದ್ದರು. ಅವರು ಹೊರಬಂದ ಮೇಲೆ ಬೇಸಿನ್ನಿಗೆ ಒಂದು ಬಕೆಟ್ ನೀರು ಸುರಿಯದೆ ನಾನು ಅಲ್ಲಿ ಬ್ರಷ್ ಹಿಡಿಯುತ್ತಿರಲಿಲ್ಲ.

ಹಲ್ಲು ಜುಮ್ಮೆನ್ನುವುದು ಶುರುವಾದದ್ದು ಒಂದು ಬೇಸಿಗೆ ಕಳೆದು ಶಾಲೆ ತೆರೆದ ಹೊಸದರಲ್ಲಿ. ಸ್ಟಾಫ್ ರೂಮಿನಲ್ಲಿಟ್ಟಿದ್ದ ಮಣ್ಣಿನ ರಾಂಜಣದಿಂದ ಒಂದು ಲೋಟ ನೀರು ತೆಗೆದು ಕುಡಿದೆ. ಎಡಗಡೆ ಮೇಲಿನ ಹಲ್ಲಿಗೆ ಯಾರೋ ಸೂಜಿ ಇಟ್ಟು ಕಣ್ಣಿನವರೆಗೆ ದೂಡಿದಂತಾಯಿತು. ಲೋಟ ಕೆಳಗಿಡುವಷ್ಟರಲ್ಲಿ ನೋವು ಹೋಗಿಬಿಟ್ಟಿತ್ತು, ಬಂದದ್ದೇ ಸುಳ್ಳೇನೋ ಅನ್ನುವ ಹಾಗೆ. ಮತ್ತೆ ಕುಡಿದೆ, ಮತ್ತೆ ಬಂತು.

ನನಗೆ ಮೊದಲು ಹೊಳೆದದ್ದು ಒಂದೇ: ಒಳಗೆ ಎಲ್ಲೋ ಹೊಲಸು ಸೇರಿದೆ, ಹುಳ ಬಿದ್ದಿದೆ. ಅದನ್ನು ನೆನೆಸಿಕೊಂಡೇ ಮೈ ಮುದುಡಿತು. ನಾನು ಇನ್ನೂ ಜೋರಾಗಿ ತಿಕ್ಕತೊಡಗಿದೆ. ಫೋನಿನಲ್ಲಿ ಯಾರೋ ಹೇಳಿದರೆಂದು ಇದ್ದಿಲ ಪುಡಿ ತಂದೆ. ಇನ್ಯಾರೋ ಹೇಳಿದರೆಂದು ಉಪ್ಪಿಗೆ ಲಿಂಬೆರಸ ಬೆರೆಸಿ ಹಚ್ಚಿದೆ. ಹಚ್ಚಿದ ದಿನ ಹಲ್ಲು ಬೆಳ್ಳಗೆ ಕಾಣುತ್ತಿತ್ತು, ಮರುದಿನ ಉಸಿರೆಳೆದರೂ ನೋಯುತ್ತಿತ್ತು. ದೀಪಾವಳಿ ಹೊತ್ತಿಗೆ ಬೆಳಗಿನ ತಣ್ಣನೆ ಗಾಳಿಯೇ ಸಾಕಾಗಿತ್ತು. ತರಗತಿಯಲ್ಲಿ ಪದ್ಯ ಓದಲು ಬಾಯಿ ತೆರೆದರೆ ಗಾಳಿ ತಾಕಿ ಮಾತು ಅರ್ಧಕ್ಕೆ ನಿಲ್ಲುತ್ತಿತ್ತು. ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಪಾಠ ಮಾಡುವ ರೂಢಿಯಾಯಿತು. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಒಂದು ದಿನ ಎದ್ದು ನಿಂತು, "ಟೀಚರ್, ನಮ್ಮ ಕಡಿಂದ ವಾಸ್ನಿ ಬರ್ಲಾಕತ್ತ್ಯಾದೇನ್ರಿ?" ಎಂದು ಕೇಳಿದಳು. ಇಲ್ಲ ಎಂದೆ. ಅವಳು ನಂಬಿದಂತೆ ಕಾಣಲಿಲ್ಲ. ಮರುದಿನ ಆ ಬೆಂಚಿನವರೆಲ್ಲ ತಲೆಗೆ ಎಣ್ಣೆ ಹಚ್ಚದೆ ಬಂದಿದ್ದರು.

ನನ್ನ ಜೊತೆಗೆ ಗಣಿತ ಹೇಳುವ ಟೀಚರೊಬ್ಬರಿದ್ದಾರೆ, ಮನೆ ಮೋಮಿನಪುರದಲ್ಲಿ. ಕಲಬುರಗಿಯಿಂದ ಇಬ್ಬರೂ ಒಂದೇ ಬಸ್ಸಿಗೆ ಬರುತ್ತೇವೆ. ಆ ಚಳಿಗಾಲದಲ್ಲಿ ಅವರ ಮಗಳ ನಿಶ್ಚಿತಾರ್ಥವಾಯಿತು. ಮಾಳಿಗೆಯ ಮೇಲೆ ಶಾಮಿಯಾನ ಹಾಕಿ, ಮಾಂಸ ತಿನ್ನದ ನಮ್ಮಂಥ ನಾಲ್ಕಾರು ಜನರಿಗೆ ಬೇರೆಯೇ ಟೇಬಲ್ ಹಾಕಿಸಿ, ತಾವೇ ನಿಂತು ಬಡಿಸಿದರು. ಊಟ ಚೆನ್ನಾಗಿತ್ತು. ಎಲ್ಲ ಬೆಚ್ಚಗಿನ ಪದಾರ್ಥ. ನಾನು ಬಲಗಡೆಯಿಂದಷ್ಟೇ ಅಗಿದು ಹೇಗೋ ಉಂಡೆ. ಕೊನೆಗೆ ಒಣಹಣ್ಣು ಬೇಯಿಸಿ ಮಾಡಿದ ಖುಬಾನಿಯ ಸಿಹಿ ಬಂತು, ಮೇಲೊಂದು ದೊಡ್ಡ ಗಡ್ಡೆ ಐಸ್ ಕ್ರೀಮ್. ನಾನು ಬೇಡವೆನ್ನುವಷ್ಟರಲ್ಲಿ ಅವರು ಚಮಚ ತುಂಬಿ ಪ್ರೀತಿಯಿಂದ ನನ್ನ ಬಾಯಿಗೇ ಇಟ್ಟುಬಿಟ್ಟರು. "ಮಗಳ ಖುಷಿದ್ದು ಅದ, ಬ್ಯಾಡ ಅನ್ನಂಗಿಲ್ಲ ನೀವು!"

ಮೇಲಿನ ಹಲ್ಲು, ಕೆಳಗಿನ ಹಲ್ಲು, ಎರಡೂ ಕಡೆ ಒಮ್ಮೆಲೇ ಹಿಡಿದುಕೊಂಡವು. ನುಂಗಲಾಗಲಿಲ್ಲ, ಬಾಯಲ್ಲಿಟ್ಟುಕೊಳ್ಳಲಾಗಲಿಲ್ಲ. ಕೈ ಅಡ್ಡ ಹಿಡಿಯುವ ಮೊದಲೇ ಎಲ್ಲವೂ ಹೊರಬಂದಿತ್ತು. ಬೆಳ್ಳನೆಯ ಟೇಬಲ್ ಬಟ್ಟೆಯ ಮೇಲೆ ನನ್ನ ಬಾಯಿಂದ ಬಿದ್ದ ಕಂದು ಖುಬಾನಿ, ಕರಗಿದ ಐಸ್ ಕ್ರೀಮು, ಜೊಲ್ಲಿನ ಒಂದು ಎಳೆ. ಆ ಎಳೆ ಇನ್ನೂ ನನ್ನ ತುಟಿಗೆ ಅಂಟಿತ್ತು. ಎದುರಿಗೆ ಕೂತಿದ್ದ ಹೆಂಗಸು ತನ್ನ ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡಳು. ನಾನು ಜೀವಮಾನವಿಡೀ ಬೇರೆಯವರನ್ನು ನೋಡಿದ ಮುಖಭಾವವೇ ಅವಳ ಮುಖದ ಮೇಲಿತ್ತು.

"ಅರೇ ಅಲ್ಲಾ, ಏನಾತ್ರಿ ಟೀಚರ್? ಗಂಟಲಿಗಿ ಹತ್ತಿತೇನು? ಕೂಡ್ರಿ, ಕೂಡ್ರಿ, ಏನೂ ಆಗಿಲ್ಲ," ಎನ್ನುತ್ತ ಗಣಿತದ ಟೀಚರ್ ತಮ್ಮ ಜರಿಯ ದುಪಟ್ಟಾ ಹೆಗಲಿಗೆ ಎಸೆದುಕೊಂಡು, ಬರಿಗೈಯಲ್ಲೇ ಅದನ್ನೆಲ್ಲ ಬಳಿದು ತಟ್ಟೆಗೆ ಹಾಕಿದರು. ಬರಿಗೈಯಲ್ಲಿ! ನನಗೆ ಕೃತಜ್ಞತೆಗಿಂತ ಮೊದಲು ಬಂದದ್ದು ಹೇಸಿಗೆ. ನನ್ನ ಎಂಜಲಿನ ಮೇಲೆ, ಅದನ್ನು ಮುಟ್ಟಿದ ಅವರ ಕೈಯ ಮೇಲೆ, ಎಲ್ಲದರ ಮೇಲೆ. ಕೈ ತೊಳೆದು ಬಂದು ಅವರು ಮೆಲ್ಲಗೆ ಕೇಳಿದರು, "ಹಲ್ಲಿನ ತಕಲೀಫ್ ಅದ ಹೌದಲ್ರಿ? ಸೆರಗು ಅಡ್ಡ ಹಿಡ್ಕೊಂಡಾಗೇ ನನಗ ಡೌಟ್ ಬಂದಿತ್ತು. ಸೇಡಂ ರಸ್ತಾದಾಗ ನಮ್ಮ ಪೈಕಿ ಎಲ್ಲಾರೂ ತೋರ್ಸೋ ಡಾಕ್ಟರ್ ಒಬ್ಬರಿದ್ದಾರ. ಹೆಣ್ಮಗಳೇ. ನಾಳೇನೇ ಹೋಗ್ರಿ."

ನಾನು ಹೋಗಲಿಲ್ಲ. ಇನ್ನೊಬ್ಬರ ಮುಂದೆ ಬಾಯಿ ತೆರೆದು ಮಲಗುವುದು, ಅವರ ಬೆರಳು ನನ್ನ ಬಾಯೊಳಗೆ, ಅದಕ್ಕೂ ಮೊದಲು ಯಾರ್ಯಾರ ಬಾಯೊಳಗೋ ಹೋಗಿ ಬಂದ ಸಾಮಾನು ನನ್ನ ನಾಲಿಗೆಯ ಮೇಲೆ. ಗಂಡ ಒಂದೆರಡು ಸಲ, "ಗಾಡಿ ತೆಗೀಲೇನು? ಹೋಗಿ ಬರೂಣು," ಎಂದರು. ನಾನೇ ಮುಂದೆ ಹಾಕಿದೆ.

ಆಮೇಲೆ ಆದದ್ದನ್ನು ಹೇಳಲು ಈಗಲೂ ಹೇಸಿಗೆಯಾಗುತ್ತದೆ. ಒಂದು ಮಧ್ಯಾಹ್ನ ತವರಿನಲ್ಲಿ ಊಟಕ್ಕೆ ಕೂತಿದ್ದೆ. ಬಿಸಿ ರೊಟ್ಟಿಯ ಮೇಲೆ ಮಜ್ಜಿಗೆ ಕುಡಿದೆ. ಹಲ್ಲು ಎಷ್ಟು ಹಿಡಿಯಿತೆಂದರೆ ಕಣ್ಣಲ್ಲಿ ನೀರು ಬಂತು. ಊಟದ ನಂತರ ಎರಡು ತರಗತಿ ಇದ್ದವು. ಹೊಸ್ತಿಲ ಹತ್ತಿರ ಕೂತಿದ್ದ ಅತ್ತೆ ನನ್ನನ್ನು ನೋಡುತ್ತಿದ್ದಳು.

"ಒಂದು ಚಿಟಿಕಿ ಹಚ್ಚಿ ನೋಡು," ಎಂದಳು. ಡಬ್ಬಿಯ ಮುಚ್ಚಳ ಆಗಲೇ ತೆಗೆದಿತ್ತು. "ನನಗ ಇಷ್ಟು ವಯಸ್ಸಾತು. ಹಲ್ಲು ಜುಮ್ ಅಂದಿದ್ದು ಹ್ಯಾಂಗಿರ್ತದ ಅಂತನೇ ಗೊತ್ತಿಲ್ಲ. ಈಗೂ ಕಬ್ಬು ಸಿಗಿದು ತಿಂತೀನಿ."

"ಛೀ, ಸಾಯ್ತೀನಿ ಖರೆ, ಅದನ್ನ ಹಚ್ಚಂಗಿಲ್ಲ."

"ಹಂಗಾರ ಅಳಕೋತ ಕೂಡು."

ಕೊನೆಗೆ ನಾನೇ ಕೈ ಚಾಚಿದೆ. ಪುಡಿ ಬೆರಳಿಗೆ ಎಣ್ಣೆಎಣ್ಣೆಯಾಗಿ ಅಂಟಿತು. ಕಣ್ಣು ಮುಚ್ಚಿ ಎಡಗಡೆಯ ವಸಡಿಗೆ ಒತ್ತಿದೆ. ಮೊದಲು ಉರಿ, ಆಮೇಲೆ ಸುಟ್ಟ ಕಹಿ, ಆಮೇಲೆ ಬಾಯಿ ತುಂಬ ಜೊಲ್ಲು. ಬಾಲ್ಯದಲ್ಲಿ ಉಸಿರು ಬಿಗಿಹಿಡಿದು ನುಂಗಿದ ಹಾಲಿನ ವಾಸನೆ ಮೂಗಿನ ಹಿಂದಿನಿಂದ ಎದ್ದು ಬಂತು. ಅತ್ತೆ ತನ್ನ ತಗಡಿನ ಡಬ್ಬಿಯನ್ನು ನನ್ನ ಮುಂದೆ ಸರಿಸಿದಳು. ಬಗ್ಗಿದೆ. ಒಳಗೆ ಅವಳ ಬೆಳಗಿನ ಉಗುಳು ನೊರೆಗಟ್ಟಿ ನಿಂತಿತ್ತು, ಒಂದು ನೊಣ ಅದರ ಅಂಚಿನಲ್ಲಿ ಕಾಲು ಉಜ್ಜುತ್ತಿತ್ತು. ತಲೆ ಗಿರ್ರೆಂದಿತು, ಮೈ ಬೆವೆತಿತು. ಬಚ್ಚಲಿನವರೆಗೆ ಹೋಗಲು ಆಗಲಿಲ್ಲ. ಅಂಗಳದಲ್ಲೇ ಬಾಳೆಗಿಡದ ಬುಡದಲ್ಲಿ ಉಂಡದ್ದೆಲ್ಲ ಕಾರಿದೆ. ಅತ್ತೆ ಹಿಂದಿನಿಂದ ಬಂದು ನನ್ನ ಹಣೆ ಹಿಡಿದುಕೊಂಡಳು. ಅದೇ ಕಪ್ಪು ಬೆರಳು ನನ್ನ ಹುಬ್ಬಿನ ಮೇಲಿತ್ತು.

ಎಲ್ಲಕ್ಕಿಂತ ಅಸಹ್ಯವೆನಿಸಿದ್ದು ಏನೆಂದರೆ, ಹಲ್ಲು ಸುಮ್ಮನಾಗಿತ್ತು. ಬಾಯಿ ತೊಳೆಯಲು ತಣ್ಣೀರು ಹಾಕಿಕೊಂಡೆ, ಜುಮ್ಮೆನ್ನಲಿಲ್ಲ. ಅದು ಮರಗಟ್ಟಿತ್ತು ಅಷ್ಟೇ. ವಾಂತಿಯ ಹುಳಿ, ತಂಬಾಕಿನ ಕಹಿ ಎರಡೂ ಹೋಗಲೆಂದು ಬ್ಯಾಗಿನಿಂದ ಬ್ರಷ್ ತೆಗೆದು, ಹಿಂದೆಂದೂ ತಿಕ್ಕಿರದ ಹಾಗೆ ತಿಕ್ಕಿದೆ. ಸಂಜೆ ಬಸ್ಸು ಹತ್ತುವ ಹೊತ್ತಿಗೆ ಮರಗಟ್ಟಿದ್ದು ಇಳಿದು, ನೋವು ಮೊದಲಿಗಿಂತ ಹೆಚ್ಚಾಗಿ ಮರಳಿತು. ಬಾಯಿ ಮುಚ್ಚಿಕೊಂಡಿದ್ದರೂ ನಾಲಿಗೆ ತಾಕಿದರೆ ಸಾಕು, ಮೈ ನಡುಗುತ್ತಿತ್ತು. ಕಲಬುರಗಿಯಲ್ಲಿ ಇಳಿದವಳು ಮನೆಗೆ ಹೋಗದೆ ಗಂಡನಿಗೆ ಫೋನ್ ಮಾಡಿ, ಸೀದಾ ಸೇಡಂ ರಸ್ತೆಗೆ ಆಟೋ ಹಿಡಿದೆ.

ಡಾಕ್ಟರ್ ನನಗಿಂತ ಚಿಕ್ಕ ವಯಸ್ಸಿನವರು. ಮಾತು ಕಡಿಮೆ, ದನಿ ಜೋರು. ಕುರ್ಚಿಯಲ್ಲಿ ಮಲಗಿಸಿ ಮೊದಲು ಕೇಳಿದ್ದು, "ನೋವು ಬಂದು ತಕ್ಷಣ ಹೋಗ್ತದೋ, ಇಲ್ಲಾ ನಿಂತುಬಿಡ್ತದೋ? ಏನೂ ತಾಕದೇನೇ ತಾನಾಗೇ ಬರ್ತದೇನು?"

"ತಾಕಿದಾಗಷ್ಟೇ ಬರ್ತದ್ರಿ. ಬಂದು ಹೋಗ್ತದ."

"ಹಂಗಾರ ಛೊಲೊ. ನರಕ್ಕ ಮುಟ್ಟಿರಲಿಕ್ಕಿಲ್ಲ. ಬಾಯಿ ತೆಗೀರಿ."

ನಾನು ಅರ್ಧ ತೆರೆದೆ. ಪೂರ್ತಿ ಎಂದರು. ಸಣ್ಣ ಕೊಳವೆಯಿಂದ ಒಂದೊಂದೇ ಹಲ್ಲಿನ ಮೇಲೆ ಫುಸ್ ಎಂದು ಗಾಳಿ ಬಿಟ್ಟರು. ಪ್ರತಿಸಲವೂ ನಾನು ಕುರ್ಚಿಯಿಂದ ಎದ್ದು ಕೂತೆ. ಆಮೇಲೆ ಪೆನ್ನಿನಂಥ ಕ್ಯಾಮೆರಾ ಒಳಗೆ ಹಾಕಿ, ತಲೆಯ ಮೇಲಿದ್ದ ಪರದೆ ತೋರಿಸಿದರು. ನಾನು ನೋಡಬಾರದೆಂದುಕೊಂಡೆ, ನೋಡಿದೆ. ಅಷ್ಟು ದೊಡ್ಡದಾಗಿ ನನ್ನ ಬಾಯಿ! ಹಸಿ ಮಾಂಸದಂಥ ಕೆನ್ನೆ, ಒಸರುವ ನೀರು, ಗುಳ್ಳೆಗಳು, ಜೀವವಿರುವ ಪ್ರಾಣಿಯಂತೆ ಹಿಂದೆಮುಂದೆ ಸರಿಯುವ ನಾಲಿಗೆ. ಕಣ್ಣು ಮುಚ್ಚಿಕೊಂಡೆ.

"ಇಲ್ಲಿ ನೋಡ್ರಿ," ಎಂದು ಡಾಕ್ಟರ್ ಪರದೆಯ ಮೇಲೆ ಬೆರಳಿಟ್ಟರು. "ಹುಳಾ ಇಲ್ಲ, ಹೊಲಸೂ ಇಲ್ಲ. ಇಷ್ಟು ಸ್ವಚ್ಛ ಬಾಯಿ ನಾ ದಿನಾ ನೋಡಂಗಿಲ್ಲ. ಆದ್ರ ವಸಡು ನೋಡ್ರಿ, ಎಷ್ಟು ಮ್ಯಾಲ ಸರದಾವ. ಹಲ್ಲಿನ ಬುಡ ನೋಡ್ರಿ."

ಹಲ್ಲಿನ ಬುಡದಲ್ಲಿ, ವಸಡಿನ ಪಕ್ಕ, ಜೋಳದ ದಂಟಿಗೆ ಕುಡುಗೋಲು ತಾಕಿಸಿ ಬಿಟ್ಟಂಥ ಗಾಯಗಳಿದ್ದವು. ಹಳದಿ ಬಣ್ಣದ ಓರೆ ಕಚ್ಚುಗಳು, ಒಂದರ ಪಕ್ಕ ಒಂದು.

"ಬ್ರಷ್ ಹ್ಯಾಂಗ ಮಾಡ್ತೀರಿ, ಇದರ ಮ್ಯಾಲ ತೋರಸ್ರಿ," ಎಂದು ಪ್ಲಾಸ್ಟಿಕ್ಕಿನ ದವಡೆಯನ್ನೂ ಒಂದು ಬ್ರಷ್ಷನ್ನೂ ಕೊಟ್ಟರು. ತೋರಿಸಿದೆ. ದವಡೆ ನನ್ನ ಕೈಯಿಂದ ಜಾರಿ ನೆಲಕ್ಕೆ ಬಿತ್ತು.

ಅವರು ನಗಲಿಲ್ಲ. "ದಿನಾ ಇಷ್ಟು ಜೋರ ತಿಕ್ತೀರಿ?"

"ಹೌದ್ರಿ."

"ಮೂರು ಹೊತ್ತು?"

"ಒಮ್ಮೊಮ್ಮೆ ಹೆಚ್ಚಿಗೀನೂ."

"ಯಾಕ್ರಿ?"

"ಹೇಸಿಗಿ ಬರ್ತದ್ರಿ," ಎಂದೆ.

ಅವರು ಕುರ್ಚಿ ಎಳೆದುಕೊಂಡು ಹತ್ತಿರ ಕೂತು ತಿಳಿಸಿ ಹೇಳಿದರು. ಹಲ್ಲಿನ ಮೇಲ್ಭಾಗಕ್ಕೆ ಗಟ್ಟಿ ಕವಚ ಇರುತ್ತದೆ. ಬುಡಕ್ಕೆ ಅದು ಇಲ್ಲ, ವಸಡೇ ಅದಕ್ಕೆ ಹೊದಿಕೆ. ಗಟ್ಟಿ ಬ್ರಷ್ಷಿನಿಂದ ವಸಡನ್ನು ಹಿಂದಕ್ಕೆ ದೂಡಿ, ಲಿಂಬೆಹುಳಿಯಿಂದ ಮೆತ್ತಗಾದ ಹಲ್ಲನ್ನು ಆ ಕ್ಷಣವೇ ಉಜ್ಜಿ ಉಜ್ಜಿ ನಾನೇ ಒಳಪದರವನ್ನು ಬಯಲು ಮಾಡಿಕೊಂಡಿದ್ದೆ. ಆ ಪದರದಲ್ಲಿ ಕಣ್ಣಿಗೆ ಕಾಣದ ಸಣ್ಣ ಸಣ್ಣ ರಂಧ್ರಗಳಿದ್ದು, ತಣ್ಣಗಿನದು, ಹುಳಿ, ಸಿಹಿ ತಾಕಿದರೆ ಸುದ್ದಿ ನೇರ ನರಕ್ಕೆ ಹೋಗುತ್ತದೆ. ಇದ್ದಿಲು, ಉಪ್ಪು ಆ ಗಾಯವನ್ನು ಕೆರೆದಿದ್ದವು. ವಾಂತಿಯ ಹುಳಿಯ ಮೇಲೆ ತಿಕ್ಕಿದ್ದನ್ನು ಹೇಳಿದಾಗ ಅವರು ತಲೆಯ ಮೇಲೆ ಕೈ ಇಟ್ಟುಕೊಂಡರು. ಮಶೇರಿಯ ಸಂಗತಿಯನ್ನು ನಾನು ಹೇಳಲಿಲ್ಲ.

ಆಳವಾದ ಕಚ್ಚುಗಳಿಗೆ ಹಲ್ಲಿನ ಬಣ್ಣದ ಸಿಮೆಂಟ್ ತುಂಬಿದರು. ಉಳಿದವಕ್ಕೆ ಏನೋ ಔಷಧ ಬಳಿದರು. ಆಮೇಲೆ ಹೇಳಿದ ಪಥ್ಯವೇ ನನಗೆ ಶಿಕ್ಷೆಯಾಯಿತು. ಅತಿ ಮೆತ್ತನೆಯ ಬ್ರಷ್, ಅದನ್ನೂ ಬರೀ ಬೆರಳ ತುದಿಯಿಂದ ಹಿಡಿಯಬೇಕು. ದಿನಕ್ಕೆ ಎರಡೇ ಸಲ. ಹುಳಿ ತಿಂದರೆ ಬರೀ ನೀರಿನಿಂದ ಮುಕ್ಕಳಿಸಿ, ಅರ್ಧ ಗಂಟೆಯಾದರೂ ಬ್ರಷ್ ಮುಟ್ಟಬಾರದು. ಬೆಳಗಿನ ಲಿಂಬೆ ಬಂದ್. ಜುಮ್ಮೆನ್ನುವ ಹಲ್ಲಿಗೆಂದೇ ಇರುವ ಪೇಸ್ಟ್ ಬಳಸಬೇಕು. ತಿಕ್ಕಿದ ಮೇಲೆ ನೊರೆ ಉಗುಳಬೇಕು, ಆದರೆ ನೀರು ಹಾಕಿ ತೊಳೆಯಬಾರದು, ಔಷಧ ಹಲ್ಲಿನ ಮೇಲೆ ಉಳಿಯಬೇಕು.

"ತೊಳೀಬಾರ್ದೇನ್ರಿ?" ಎಂದು ಎರಡು ಸಲ ಕೇಳಿದೆ.

"ತೊಳೀಬ್ಯಾಡ್ರಿ. ಮತ್ತ ನಾಳೀಗೇ ಕಡಿಮಿ ಆಗಂಗಿಲ್ಲ. ವಾರಗಟ್ಟಲೆ ಹಿಡೀತದ. ಬಿಡದಂಗ ಮಾಡ್ರಿ."

ಮೊದಲ ದಿನಗಳು ನರಕ. ಉಗುಳಿದ ನೊರೆಯ ಉಳಿಕೆ ಬಾಯಲ್ಲಿ ಅಂಟಂಟಾಗಿ, ನಾಲಿಗೆಯ ಮೇಲೆ ಸುಣ್ಣ ಬಳಿದಂತೆ ಕೂತಿರುತ್ತಿತ್ತು. ಎಂಜಲು ನುಂಗಿದರೆ ಅದೂ ಇಳಿಯುತ್ತದೆಂದು ನುಂಗದೆ ಒದ್ದಾಡುತ್ತಿದ್ದೆ. ಕೈ ತಾನಾಗಿಯೇ ನಲ್ಲಿಯ ಕಡೆ ಹೋಗುತ್ತಿತ್ತು. ಮೆತ್ತನೆಯ ಬ್ರಷ್ ಹಲ್ಲಿನ ಮೇಲೆ ಬೆಕ್ಕಿನ ಬಾಲದಂತೆ ಆಡಿ ಹೋಗುತ್ತಿತ್ತು. ನಿನ್ನೆಯ ಪಲ್ಯ, ಇಂದಿನ ರೊಟ್ಟಿ ಎಲ್ಲ ಅಲ್ಲೇ ಕೂತಿದೆ ಎನ್ನಿಸುತ್ತಿತ್ತು. ಮಧ್ಯಾಹ್ನ ಊಟವಾದ ಮೇಲೆ ತಿಕ್ಕುವಂತಿಲ್ಲ. ಸಂಜೆಯವರೆಗೆ ನಾಲಿಗೆಯಿಂದ ಹಲ್ಲು ಸವರಿಕೊಳ್ಳುತ್ತ, ನನ್ನ ಬಾಯಿಯನ್ನು ನಾನೇ ಹೊತ್ತು ತಿರುಗಲು ಅಸಹ್ಯಪಡುತ್ತ ಪಾಠ ಮಾಡಿದೆ. ಗಂಡ ಒಂದು ಬೆಳಿಗ್ಗೆ ಬೇಸಿನ್ನಿನ ಮುಂದೆ ನಾನು ಬಾಯಿ ಬಿಗಿಹಿಡಿದು ನಿಂತದ್ದನ್ನು ಕಂಡು, "ನೀರು ಬಂದ್ ಮಾಡ್ಲೇನು?" ಎಂದು ಕೇಳಿ, ನಿಜವಾಗಿಯೂ ಮಾಳಿಗೆಗೆ ಹೋಗಿ ಟ್ಯಾಂಕಿನ ವಾಲ್ ತಿರುಗಿಸಿ ಬಂದರು. ನಾನು ಶಾಲೆ, ಬಸ್ಸಿನ ಗಡಿಬಿಡಿಯಲ್ಲೂ ನಕ್ಕುಬಿಟ್ಟೆ. ಅವತ್ತಿನಿಂದ ಅವರು ಕ್ಯಾಕರಿಸುವುದನ್ನು ಸ್ವಲ್ಪ ಸಣ್ಣ ದನಿಯಲ್ಲಿ ಮಾಡತೊಡಗಿದರು. ಬಿಟ್ಟರೆಂದು ಹೇಳಲಾರೆ.

ಒಂದು ತಿಂಗಳು ಕಳೆದಿರಬೇಕು. ಸ್ಟಾಫ್ ರೂಮಿನಲ್ಲಿ ಯಾವುದೋ ಯೋಚನೆಯಲ್ಲಿ ರಾಂಜಣದ ನೀರು ಕುಡಿದೆ. ಕುಡಿದು ಮುಗಿಸಿದ ಮೇಲೆ ಹಲ್ಲಿನ ನೆನಪಾಯಿತು. ಗಣಿತದ ಟೀಚರ್ ನನ್ನನ್ನೇ ನೋಡುತ್ತಿದ್ದರು. "ಹೋಯ್ತಲ್ರಿ!" ಎಂದರು. ಪೂರ್ತಿ ಹೋಗಿರಲಿಲ್ಲ. ಎಡಗಡೆಯ ಒಂದು ಹಲ್ಲು ಈಗಲೂ ಚಳಿಗಾಲದಲ್ಲಿ ತಾನಿದ್ದೇನೆಂದು ತಿಳಿಸುತ್ತದೆ. ಸವೆದದ್ದು ಮರಳಿ ಬೆಳೆಯುವುದಿಲ್ಲವೆಂದು ಡಾಕ್ಟರ್ ಮೊದಲೇ ಹೇಳಿದ್ದರು.

ಎರಡನೆಯ ಭೇಟಿಯಲ್ಲಿ ಡಾಕ್ಟರ್‌ಗೆ ಮಶೇರಿಯ ಸಂಗತಿ ಹೇಳಿದೆ. ಬೈಸಿಕೊಳ್ಳುವೆನೆಂದು ತಿಳಿದಿದ್ದೆ. ಅವರು ನನ್ನನ್ನು ಬಿಟ್ಟು ಅತ್ತೆಯ ಬಗ್ಗೆ ಕೇಳಿದರು. "ಎಷ್ಟು ವರ್ಷದಿಂದ ಹಚ್ಚತಾರ? ಬಾಯಿ ಪೂರಾ ತೆಗೀಲಾಕ ಬರ್ತದೇನು ಅವರಿಗಿ? ಖಾರ ತಿಂದ್ರ ಉರೀತದಂತೇನು?" ಅತ್ತೆ ಇತ್ತೀಚೆಗೆ ರೊಟ್ಟಿಗೆ ಹಚ್ಚಿಕೊಳ್ಳುವ ಹಿಂಡಿಯ ಖಾರ ಬೇಡವೆನ್ನುತ್ತಿದ್ದಳು. ವಯಸ್ಸಾಯಿತೆಂದು ನಾವು ಸುಮ್ಮನಿದ್ದೆವು.

ಮರುದಿನ ಮಧ್ಯಾಹ್ನ ಅತ್ತೆಯನ್ನು ಬೆಳಕಿಗೆ ಕೂಡಿಸಿ, ಫೋನಿನ ಟಾರ್ಚ್ ಹಚ್ಚಿ, "ಬಾಯಿ ತೆಗಿ," ಎಂದೆ.

"ಯಾಕ?"

"ನೋಡ್ಬೇಕು."

"ನೀನು? ನನ್ನ ಬಾಯಿ?" ಅತ್ತೆಗೆ ನಿಜಕ್ಕೂ ಆಶ್ಚರ್ಯವಾಗಿತ್ತು. ಆಮೇಲೆ ತೆರೆದಳು.

ವಾಸನೆ ಮೊದಲು ಬಂತು. ಹಳೆಯ ತಂಬಾಕು, ಕೊಳೆತ ಏನೋ, ಅದರ ಹಿಂದೆ ಇನ್ನೂ ಏನೋ. ಹಲ್ಲುಗಳು ಕಪ್ಪುಕಂದಾಗಿ, ಒರಳಿನ ಹಾಗೆ ಚಪ್ಪಟೆಯಾಗಿ ಸವೆದಿದ್ದವು. ಹಿಂದಿನದೊಂದು ನಾಲಿಗೆ ತಾಕಿದರೆ ಅಲುಗುತ್ತಿತ್ತು. ನಾನು ಬಾಯಿಂದ ಉಸಿರಾಡುತ್ತ ಚಮಚದ ಹಿಡಿಕೆಯಿಂದ ಕೆನ್ನೆ ಸರಿಸಿದೆ. ಅಲ್ಲಿ, ಬೆರಳು ದಿನವೂ ಆಡುತ್ತಿದ್ದ ಜಾಗದಲ್ಲಿ, ಹಾಲಿನ ಕೆನೆ ಒಣಗಿ ಅಂಟಿದಂಥ ಬಿಳಿ ಮಚ್ಚೆ. ಉಜ್ಜಿದರೂ ಹೋಗಲಿಲ್ಲ. ನಾನು ಟಾರ್ಚ್ ಆರಿಸಿ, ಹಿತ್ತಲಿಗೆ ಹೋಗಿ ತಮ್ಮನಿಗೆ ಫೋನ್ ಮಾಡಿದೆ.

ಅತ್ತೆ ಕಲಬುರಗಿಗೆ ಬರಲು ಸುಲಭಕ್ಕೆ ಒಪ್ಪಲಿಲ್ಲ. "ನೋವಿಲ್ಲ, ನಿದ್ದಿ ಬರ್ತದ, ರೊಟ್ಟಿ ಇಳೀತದ. ಡಾಕ್ಟರ್ ಯಾಕ?" ಕೊನೆಗೆ ತಮ್ಮನೂ ನಾನೂ ಇಬ್ಬರೂ ಕೂಡಿ ಗಾಡಿಯಲ್ಲಿ ಕೂಡಿಸಿಕೊಂಡು ಬಂದೆವು. ಡಾಕ್ಟರ್ ಅವಳ ಬಾಯಿ ನೋಡಿ ಮುಖ ಬದಲಿಸಲಿಲ್ಲ. ನಾನು ಅದನ್ನೇ ಗಮನಿಸುತ್ತಿದ್ದೆ. ಅತ್ತೆಯ ಹಲ್ಲು ಯಾಕೆ ಜುಮ್ಮೆನ್ನುವುದಿಲ್ಲವೆಂದೂ ಅವತ್ತೇ ಗೊತ್ತಾಯಿತು: ಎಷ್ಟೋ ವರ್ಷಗಳಿಂದ ಮೆಲ್ಲಮೆಲ್ಲಗೆ ಸವೆದಿದ್ದರಿಂದ ಹಲ್ಲು ಒಳಗಿನಿಂದ ಗೋಡೆ ಕಟ್ಟಿಕೊಂಡು ನರವನ್ನು ದೂರ ಮಾಡಿತ್ತು. ಅದರ ಮೇಲೆ ತಂಬಾಕು ಮರಗಟ್ಟಿಸಿತ್ತು. ಅವಳು ಹೆಮ್ಮೆಪಟ್ಟುಕೊಂಡ ಗಟ್ಟಿತನ ಅದು. ಅಲುಗುತ್ತಿದ್ದ ಹಲ್ಲು ಕಿತ್ತರು. ಮಚ್ಚೆಯ ಒಂದು ತುಣುಕು ತೆಗೆದು ಪರೀಕ್ಷೆಗೆ ಕಳಿಸಿದರು.

ಫಲಿತಾಂಶ ಬರುವವರೆಗೆ ನಾನು ತವರಿನಲ್ಲಿ ಊಟ ಮಾಡುವಾಗ ಅತ್ತೆಯ ಮುಖ ನೋಡುತ್ತಿರಲಿಲ್ಲ. ಅವಳೇ ಒಮ್ಮೆ ಕೇಳಿದಳು, "ಕೆಟ್ಟದ್ದು ಇದ್ರ ಬಾಯಿ ಕತ್ತರಸ್ತಾರೇನು?" ನನಗೆ ಉತ್ತರ ಗೊತ್ತಿರಲಿಲ್ಲ. "ಕತ್ತರಸಂಗಿಲ್ಲ," ಎಂದೆ.

ಕ್ಯಾನ್ಸರ್ ಇರಲಿಲ್ಲ. ಆದರೆ ಹೀಗೇ ಮುಂದುವರಿದರೆ ಆಗಬಹುದು, ಮಶೇರಿ ಇವತ್ತೇ ಬಿಡಬೇಕು, ಕೆಲವು ತಿಂಗಳಿಗೊಮ್ಮೆ ಬಂದು ತೋರಿಸಬೇಕು, ನಡುವೆ ಮನೆಯಲ್ಲೂ ಯಾರಾದರೂ ನೋಡುತ್ತಿರಬೇಕು ಎಂದು ಡಾಕ್ಟರ್ ಹೇಳಿದರು. ತಮ್ಮ ನನ್ನ ಮುಖ ನೋಡಿದ. ಜೊತೆಗೆ ಬಂದಿದ್ದ ತಮ್ಮನ ಹೆಂಡತಿಯೂ ನನ್ನ ಮುಖ ನೋಡಿದಳು.

ಬಿಡುವುದು ಅತ್ತೆಗೆ ಸುಲಭವಾಗಲಿಲ್ಲ. ಮೊದಲ ವಾರ ಎಲ್ಲರಿಗೂ ಬೈದಳು, ತಲೆನೋವೆಂದು ಮಲಗಿದಳು, ಊಟ ಬಿಟ್ಟಳು. ಚಟ ಬಿಡಿಸಲು ಡಾಕ್ಟರ್ ಕೊಟ್ಟ ಚಪ್ಪರಿಸುವ ಗುಳಿಗೆಯನ್ನು ನಾಯಿಗೂ ಬೇಡ ಎಂದು ಎಸೆದಳು, ಮತ್ತೆ ಹುಡುಕಿಸಿಕೊಂಡು ಬಾಯಿಗೆ ಹಾಕಿಕೊಂಡಳು. ಒಮ್ಮೆ ಕದ್ದು ಹಚ್ಚಿಕೊಂಡಾಗ ನಾನೇ ಹಿಡಿದೆ. ಈಗ ಹೆಚ್ಚುಕಮ್ಮಿ ಬಿಟ್ಟಿದ್ದಾಳೆ. ಮಚ್ಚೆ ಸಣ್ಣದಾಗಿದೆ. ತಂಬಾಕು ಹೋದ ಮೇಲೆ ಉಳಿದ ಹಲ್ಲುಗಳಲ್ಲಿ ಒಂದೆರಡು ಅವಳಿಗೂ ಜುಮ್ಮೆನ್ನತೊಡಗಿವೆ. "ಹಿಂಗಿರ್ತದೇನು ಇದು!" ಎಂದು ಮೊದಲ ಸಲ ಕೆನ್ನೆ ಹಿಡಿದುಕೊಂಡು ಕೂತಿದ್ದಳು. ನನ್ನ ಪೇಸ್ಟೇ ಅವಳಿಗೂ ತಂದುಕೊಟ್ಟೆ. ಬೆರಳಲ್ಲಿ ಹಚ್ಚಿಕೊಳ್ಳುತ್ತಾಳೆ, ಬ್ರಷ್ ಕೈಗೆ ಒಗ್ಗಲಿಲ್ಲ.

ಶನಿವಾರ ಶಾಲೆ ಬೇಗ ಬಿಡುತ್ತದೆ. ಆ ದಿನ ಅತ್ತೆಯನ್ನು ಅಂಗಳದ ಬಿಸಿಲಿಗೆ ಕೂಡಿಸಿ ಟಾರ್ಚ್ ಹಿಡಿಯುತ್ತೇನೆ. ಕೆನ್ನೆಯ ಒಳಗೆ, ನಾಲಿಗೆಯ ಅಡಿಗೆ, ವಸಡಿನ ಸುತ್ತ. ರೂಢಿಯಾದರೆ ಹೇಸಿಗೆ ಹೋಗುತ್ತದೆಂದು ಗಣಿತದ ಟೀಚರ್ ಹೇಳಿದ್ದರು. ನನಗೆ ಹೋಗಿಲ್ಲ. ಪ್ರತಿ ಶನಿವಾರವೂ ಆ ವಾಸನೆಗೆ ಬಾಯಿಂದ ಉಸಿರಾಡುತ್ತೇನೆ, ಜೊಲ್ಲಿನ ಎಳೆ ಚಮಚಕ್ಕೆ ಅಂಟಿ ಉದ್ದವಾದಾಗ ಬೆನ್ನು ಮುದುಡುತ್ತದೆ. ಮೊನ್ನೆ ನೋಡಿ ಮುಗಿಸಿ, "ಏನೂ ಇಲ್ಲ, ಮುಚ್ಚು," ಎಂದೆ.

ಅತ್ತೆ ಮುಚ್ಚಲಿಲ್ಲ. "ಹೇಸಿಗಿ ಬರ್ತದೇನು?" ಎಂದು ತೆರೆದ ಬಾಯಲ್ಲೇ ತೊದಲುತ್ತ ಕೇಳಿದಳು.

"ಬರ್ತದ."

ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು, ಉಳಿದ ಹಲ್ಲೆಲ್ಲ ಕಾಣುವ ಹಾಗೆ. ನಾನು ಮುಖ ಆ ಕಡೆ ತಿರುಗಿಸಿ ಚಮಚ ತೊಳೆಯಲು ಎದ್ದೆ.